ಎರಡು ಹೊತ್ತು ಕರೆದು ನೋಡದೆ

ಸೊಸೆಗೆ ಔಷಧಿ ತಪ್ಪಿಸಿದ ಅತ್ತೆ ಎಂದು ನಮ್ಮೂರು ಕಮ್ಮರಡಿಯಲ್ಲಿ ನನಗೆ ಹೆಸರಿದೆ. ಇರಲಿ. ನಡೆದದ್ದನ್ನು ಬರೆಯುತ್ತೇನೆ. ಮೂರನೇ ಕ್ಲಾಸಿನ ಬರವಣಿಗೆ, ತಪ್ಪಿದ್ದರೆ ಓದುವವರೇ ತಿದ್ದಿಕೊಳ್ಳಲಿ.

ಸೊಸೆಗೆ ಮೂವತ್ತೆರಡನೇ ವಯಸ್ಸಿಗೆ ಎಡಗಾಲು ಸೋತಿತು, ಕಣ್ಣು ಮಂಜಾಯಿತು. ಮಂಗಳೂರಿನ ಡಾಕ್ಟರು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು. ನರದ ಮೇಲಿನ ಹೊದಿಕೆ ಹಾಳಾಗುವ ಕಾಯಿಲೆ, ಏರುತ್ತದೆ, ಇಳಿಯುತ್ತದೆ, ಪೂರ್ತಿ ಗುಣ ಮಾಡುವ ಮದ್ದಿಲ್ಲ ಎಂದರು. ಎರಡು ತಿಂಗಳಲ್ಲಿ ಕಣ್ಣು ತಿಳಿಯಾಯಿತು, ಕಾಲೂ ಬಂತು. ಮುಂದಿನ ವರ್ಷ ಮತ್ತೆ ಕಾಲು ಸೋತು ಬಿದ್ದಳು.

ಆಗ ಅವಳ ಅಣ್ಣ ಶೃಂಗೇರಿಯಿಂದ ಒಂದು ಸಿ.ಡಿ. ತಂದ. ದೂರದ ಯಾವುದೋ ಕ್ಲಿನಿಕ್ಕಿನಲ್ಲಿ ಸ್ಟೆಮ್ ಸೆಲ್ ಎಂಬುದನ್ನು ಬೆನ್ನಿಗೆ ಚುಚ್ಚುತ್ತಾರಂತೆ, ಹಾಳಾದ ನರ ಹೊಸದಾಗುತ್ತದಂತೆ. ಸಿ.ಡಿ.ಯಲ್ಲಿ ಒಬ್ಬ ಹೆಂಗಸು ಗಾಲಿಕುರ್ಚಿಯಿಂದ ಎದ್ದು ಹತ್ತು ಹೆಜ್ಜೆ ನಡೆದು ಕೈ ಮುಗಿದಳು. ಸೊಸೆ ಅದನ್ನು ನಾಲ್ಕು ಸಲ ನೋಡಿದಳು. ಐದನೇ ಸಲಕ್ಕೆ ನಾನು ಟಿ.ವಿ. ಆರಿಸಿದೆ.

"ಕಾಲು ನಂದು ಅತ್ತೆ, ನಿಮ್ದಲ್ಲ" ಎಂದಳು. ಮಾತು ಸರಿಯೇ.

ಹಿಂದೊಮ್ಮೆ ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನಿಂದ, ಬೆಳಗ್ಗೆ ಒಂದೇ ಹೊತ್ತಿನ ಹಾಲು ನೋಡಿ ಒಂದು ಹಸು ತಂದಿದ್ದೆ. ಮಾರುವವನು ಹಿಂದಿನ ಸಂಜೆ ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿದ್ದ. ಮನೆಗೆ ಬಂದ ಮೇಲೆ ಅದರ ಹಾಲು ಕಾಫಿಗೂ ಸಾಲಲಿಲ್ಲ. ಅಂದಿನಿಂದ ಸಂಜೆ ನಾನೇ ಕರೆದು, ಮರುದಿನ ಬೆಳಗ್ಗೆ ಮತ್ತೆ ಕರೆದು ನೋಡದೆ ಯಾವ ಹಸುವಿನ ಹಗ್ಗವನ್ನೂ ಹಿಡಿದವಳಲ್ಲ. ಇದನ್ನೇ ಅವಳ ಅಣ್ಣನಿಗೆ ಹೇಳಿದೆ.

"ಇದೆಂತ ದನದ ವ್ಯಾಪಾರವಾ ಮಾರಾಯ್ರೆ? ನಿಮಗೆ ಸೈನ್ಸ್ ಎಂತ ಗೊತ್ತು?"

"ಸೈನ್ಸ್ ಗೊತ್ತಿಲ್ಲ. ಒಂದೇ ಹೊತ್ತು ತೋರಿಸುವವನ ಬುದ್ಧಿ ಗೊತ್ತು."

ಸಿ.ಡಿ.ಯ ಮೇಲಿದ್ದ ನಂಬರಿಗೆ ಫೋನ್ ಮಾಡಿಸಿದೆ. ಸೊಸೆಗೂ ಕೇಳಲಿ ಎಂದು ಸ್ಪೀಕರ್ ಹಾಕಿಸಿದೆ. ಆ ಹೆಂಗಸು ಈಗ ಹೇಗಿದ್ದಾಳೆ, ವರ್ಷ ಕಳೆದ ಮೇಲೂ ನಡೆದದ್ದನ್ನು ತೋರಿಸುತ್ತೀರಾ, ಚುಚ್ಚಿಸಿಕೊಂಡೂ ನಡೆಯದವರು ಎಷ್ಟು ಜನ ಎಂದು ಕೇಳಿದೆ.

"ಅಜ್ಜಿ, ಮೊದಲು ನಂಬಿಕೆ ಬೇಕು" ಎಂದ ಆ ಕಡೆಯವನು.

"ನಂಬಿಕೆಗೆ ಇಲ್ಲಿಂದ ಶೃಂಗೇರಿಗೆ ಬಸ್ಸುಂಟು ಮಾರಾಯ. ಅಲ್ಲಿ ಯಾರೂ ಬೆನ್ನಿಗೆ ಸೂಜಿ ಹಾಕುದಿಲ್ಲ."

ಫೋನ್ ಇಟ್ಟುಬಿಟ್ಟ. ಅಣ್ಣನೂ ಎದ್ದು ಹೋದ.

ಮಂಗಳೂರಿನ ಡಾಕ್ಟರನ್ನೂ ಕೇಳಿದೆವು. ಇದರ ಪರೀಕ್ಷೆ ಇನ್ನೂ ಮುಗಿದಿಲ್ಲ, ಗುಣ ಆಗುತ್ತದೆಂದು ಯಾರೂ ಹೇಳುವ ಹಾಗಿಲ್ಲ, ಬೆನ್ನಿಗೆ ಚುಚ್ಚಿದ ಕಡೆ ಸೋಂಕು ಬಂದರೆ ಇರುವ ಕಾಲೂ ಹೋದೀತು ಎಂದರು. ವಾಪಸು ಬರುವಾಗ ಬಸ್ಸು ಆಗುಂಬೆ ದಾಟಿತು. ಆಗ ಸೊಸೆ ಎಂದಳು: "ಹೋದ ವರ್ಷ ನಾನೂ ಎದ್ದು ನಡ್ದಿದ್ದೆ ಅಲ್ವಾ, ಆ ಸೂಜಿ ಇಲ್ದೆ. ಅವತ್ತು ಯಾರಾದ್ರೂ ನನ್ನ ಸಿ.ಡಿ. ಮಾಡಿದ್ರೆ?"

ಮನೆ ಮುಟ್ಟಿದ ಮೇಲೆ ಸಿ.ಡಿ.ಯನ್ನು ಅವಳೇ ಅಣ್ಣನಿಗೆ ವಾಪಸು ಕಳಿಸಿದಳು.

ಚುಚ್ಚಿಸಿದ್ದರೆ ನಡೆಯುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಕ್ಲಿನಿಕ್ಕಿನವರಿಗೂ ಗೊತ್ತಿರಲಿಲ್ಲ. ಗೊತ್ತಿದೆ ಎಂದರಲ್ಲ, ಅದೇ ನನ್ನ ತಕರಾರು.

ಕಾಲು ಪೂರ್ತಿ ಬರಲಿಲ್ಲ. ಕೋಲು ಹಿಡಿದೇ ಕೊಪ್ಪದ ಬಸ್ಸು ಹತ್ತುತ್ತಾಳೆ. ಯಾರಾದರೂ ಆ ಕೋಲು ನೋಡಿ ನನ್ನ ಮುಖ ನೋಡಿದರೆ ಅವಳೇ ಹೇಳುತ್ತಾಳೆ: "ಅತ್ತೆ ಬಿಡಿಸಿದ್ದಲ್ಲ, ನಾನೇ ಬಿಟ್ಟದ್ದು."

"ನಾನೂ ಬೇಡ ಅಂದಿದ್ದೆ" ಎನ್ನುತ್ತೇನೆ. ಬೈಗುಳದಲ್ಲಿ ನನ್ನ ಪಾಲನ್ನು ನಾನು ಬಿಟ್ಟುಕೊಡುವವಳಲ್ಲ.