ವಾರಿಜಕ್ಕ ಆರಿಸಿದ ಕಟ್ಟರ್

ಪುತ್ತೂರು ಪೇಟೆಯ ಹೊರಗಿರುವ ನಮ್ಮ ವರ್ಕ್‌ಶಾಪಿನಲ್ಲಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಇರುವುದು ಒಂದೇ. ಅದನ್ನು ನಡೆಸುವವರು ಐವರ್ನಾಡಿನ ವಾರಿಜಾಕ್ಷಿ. ಪ್ರಾಯ ನಲವತ್ತೇಳು. ಪಕ್ಕದ ಲೇತಿನಲ್ಲಿ ನಾನು ಹದಿನೆಂಟು ವರ್ಷದಿಂದ ನಿಂತಿದ್ದೇನೆ. ಲೋಹವನ್ನು ಅವರಷ್ಟು ಅರ್ಥ ಮಾಡಿಕೊಂಡ ಇನ್ನೊಬ್ಬರನ್ನು ನಾನು ನೋಡಿಲ್ಲ.

ಐಟಿಐಯ ಮೆಷಿನಿಸ್ಟ್ ತರಗತಿಯಲ್ಲಿ ಅವರೊಬ್ಬರೇ ಹುಡುಗಿಯಂತೆ. ಪಾಸಾಗಿ ಇಲ್ಲಿಗೆ ಬಂದಾಗ ಮಾಲಿಕರಾದ ಕಲಂದರಾಕ ಅವರಿಗೆ ಮೆಷಿನ್ ಕೊಡಲಿಲ್ಲ, ಅದಕ್ಕೆ ಹಾಕುವ ಅಲಗಿನ ಕಟ್ಟರ್‌ಗಳನ್ನು ಇಡುವ ಕೋಣೆಯ ಕೀಲಿಕೈ ಕೊಟ್ಟರು. ಬೆಳಿಗ್ಗೆ ಕಟ್ಟರ್ ಕೊಡುವುದು, ಸಂಜೆ ವಾಪಸು ತೆಗೆದುಕೊಳ್ಳುವುದು. ಐದು ವರ್ಷ ಹಾಗೇ ಹೋಯಿತಂತೆ. ಆದರೆ ವಾಪಸು ಬಂದ ಒಂದೊಂದು ಕಟ್ಟರನ್ನೂ ವಾರಿಜಕ್ಕ ಭೂತಗನ್ನಡಿಯಲ್ಲಿ ನೋಡಿದರು. ಅಲಗು ಸವೆದಿದೆಯೋ, ಮುರಿದಿದೆಯೋ, ಸುಟ್ಟು ನೀಲಿಯಾಗಿದೆಯೋ? ಯಾವ ಲೋಹ, ಎಷ್ಟು ವೇಗ, ಎಣ್ಣೆ ಬಿಟ್ಟಿದ್ದರೋ ಇಲ್ಲವೋ ಎಂದು ತಂದವರನ್ನು ಬಿಡದೆ ಕೇಳಿದರು. “ಇದೆಂತ ಮಾರಾಯ್ರೆ, ಪೊಲೀಸ್ ಠಾಣೆಯಾ?” ಎಂದು ರೇಗಿದವರೂ ಇದ್ದರು. ಕ್ರಮೇಣ ಹಾಗೆ ರೇಗಿದವರೇ ಬಾಗಿಲಲ್ಲಿ ನಿಂತು ಯಾವ ಕೆಲಸಕ್ಕೆ ಯಾವ ಕಟ್ಟರ್ ಎಂದು ಕೇಳತೊಡಗಿದರು. ಮಿಲ್ಲಿಂಗ್ ನಡೆಸುತ್ತಿದ್ದ ಅದ್ರಾಮ ಗಲ್ಫಿಗೆ ಹೋದಾಗ ಕಲಂದರಾಕ ಬೇರೆ ಜನ ಹುಡುಕಲಿಲ್ಲ, ಮೆಷಿನನ್ನು ವಾರಿಜಕ್ಕನಿಗೇ ಕೊಟ್ಟರು.

ಕಳೆದ ಮಾರ್ಚಿನಲ್ಲಿ ಅರಂತೋಡಿನ ಕಡೆಯಿಂದ ಲತೀಶ್ ಬಂದರು. ಕುಡಿಯುವ ನೀರಿನ ಪಂಪು ನೋಡಿಕೊಳ್ಳುವವರು. ಪಂಪಿನೊಳಗೆ ತಿರುಗುವ ಶಾಫ್ಟ್ ತುಂಡಾಗಿ ಎಂಬತ್ತು ಮನೆಗೆ ನೀರಿರಲಿಲ್ಲ. ಹೊಸದು ಬರಲು ಹತ್ತು ದಿನ ಬೇಕಿತ್ತು. ನಾನು ಸ್ಟೇನ್‌ಲೆಸ್ ಸ್ಟೀಲಿನ ಸರಳನ್ನು ಲೇತಿಗೆ ಹಾಕಿ ಶಾಫ್ಟ್ ಮಾಡಿದೆ. ಇನ್ನು ಅದರ ಮೇಲೆ ಚಕ್ರ ಜಾರದಂತೆ ಹಿಡಿಯುವ ಕೀ ಎಂಬ ಉಕ್ಕಿನ ತುಂಡು ಕೂರುವ ಸಣ್ಣ ಕಾಲುವೆಯೊಂದನ್ನು ಮಿಲ್ಲಿಂಗಿನಲ್ಲಿ ಕೊರೆಯಬೇಕಿತ್ತು.

ಮಗಳು ದೀಕ್ಷಿತಾಳ ಕಾಲೇಜಿಗೆ ಹೋಗಿದ್ದ ವಾರಿಜಕ್ಕ ಬರುವುದು ಮಧ್ಯಾಹ್ನಕ್ಕೆ. ಕಲಂದರಾಕರ ಮಗ ಸಿನಾನ್, ಎಂಜಿನಿಯರಿಂಗ್ ಓದಿದವನು, ಕಾಯದೆ ತಾನೇ ಶುರುಮಾಡಿದ. ತುಂಬ ಗಟ್ಟಿಯಾದ ಹೊಸ ಕಾರ್ಬೈಡ್ ಕಟ್ಟರ್ ಹಾಕಿದ. ಎರಡು ನಿಮಿಷದಲ್ಲಿ ಅಲಗಿನ ಮೂಲೆ ಹಾರಿತು. ಎರಡನೆಯದನ್ನು ಹೆದರಿ ಹೆದರಿ ಮೆಲ್ಲ ಒತ್ತಿದ. ಅದೂ ಕೆಟ್ಟಿತು. ಕೊರೆಯಬೇಕಾದ ಜಾಗ ಮಾತ್ರ ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯತೊಡಗಿತು.

ವಾರಿಜಕ್ಕ ಬಂದವರು ಮುರಿದ ಕಟ್ಟರ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರು.

“ಕಾರ್ಬೈಡ್ ಒಳ್ಳೇದೇ ಸಿನಾನ್. ಆದ್ರೆ ನಮ್ಮ ಮೆಷಿನಿಗೆ ಪ್ರಾಯ ಆಯ್ತು, ಟೇಬಲ್ ಸ್ವಲ್ಪ ಅಲ್ಲಾಡ್ತದೆ. ಅಲ್ಲಾಡಿದ್ರೆ ಕಾರ್ಬೈಡ್ ಒಡೀತದೆ.”

“ಮತ್ತೆ ಎಂತ ಹಾಕುದು ಅಕ್ಕ?”

“ಕೋಬಾಲ್ಟ್ ಸೇರಿದ ಸ್ಟೀಲಿನದ್ದು ಉಂಟು. ಅಷ್ಟು ಗಟ್ಟಿ ಇಲ್ಲ, ಆದ್ರೆ ಪೆಟ್ಟು ತಡೀತದೆ. ಎರಡೇ ಅಲಗು ಸಾಕು, ಚೂರು ಹೊರಗೆ ಬರ್ಲಿಕ್ಕೆ ಜಾಗ ಬೇಕಲ್ಲ.”

“ಆ ಬದಿ ಹಾಳಾಯ್ತಲ್ಲ, ಇನ್ನೊಂದು ಬದಿಯಲ್ಲಿ ಕೊರೆದ್ರೆ ಆಗುದಿಲ್ವಾ?” ಎಂದು ಲತೀಶ್ ಕೇಳಿದರು.

“ಎರಡು ಕಡೆ ಗಾಯ ಮಾಡಿದ್ರೆ ಶಾಫ್ಟ್ ಪುನಃ ಅಲ್ಲಿಯೇ ತುಂಡಾಗ್ತದೆ. ಸ್ಟೇನ್‌ಲೆಸ್ಸನ್ನು ಉಜ್ಜಿದಷ್ಟೂ ಗಟ್ಟಿ ಆಗುದು. ಮೇಲೆ ಮೇಲೆ ಸವರಿದ್ರೆ ಆಗ್ಲಿಕ್ಕಿಲ್ಲ. ಆ ಗಟ್ಟಿ ಪದರದ ಅಡಿಗೇ ಹೋಗ್ಬೇಕು.”

ಅವರು ವೇಗ ಇಳಿಸಿ, ಎಣ್ಣೆ ಬಿಡುತ್ತಾ, ಕೈ ನಿಲ್ಲಿಸದೆ ಹಿಡಿಕೆ ತಿರುಗಿಸಿದರು. ಮೊದಲು ಕಿರುಗುಟ್ಟಿತು. ಆಮೇಲೆ ಸದ್ದು ಸಮವಾಗಿ, ಬೆಳ್ಳಿಬಣ್ಣದ ಸಣ್ಣ ಸುರುಳಿಗಳು ಉದುರತೊಡಗಿದವು. ಅರ್ಧ ಆಳ ಆದದ್ದೇ ಅವರು ಪಕ್ಕಕ್ಕೆ ಸರಿದರು.

“ಇನ್ನು ನೀನು ಮಾಡು.”

“ಪುನಃ ಹಾಳಾದ್ರೆ?”

“ನಾನಿದ್ದೇನಲ್ಲ. ಕೈ ಮಾತ್ರ ನಿಲ್ಲಿಸ್ಬೇಡ.”

ಎಂಬತ್ತು ಮನೆಯವರು ನೀರಿಗೆ ಕಾಯುತ್ತಿರುವಾಗ, ಎರಡು ಕಟ್ಟರ್ ಮುರಿದವನ ಕೈಗೆ ಹಿಡಿಕೆ ಕೊಡಲು ನನ್ನಿಂದಂತೂ ಆಗುತ್ತಿರಲಿಲ್ಲ. ಸಿನಾನ್ ಬೆವರುತ್ತಲೇ ಮುಗಿಸಿದ. ವಾರಿಜಕ್ಕ ಅಳತೆ ನೋಡಿ, ಕೀ ಇಟ್ಟು ಮೆಲ್ಲ ಬಡಿದರು. ಬಿಗಿಯಾಗಿ ಕೂತಿತು. ಹೊಗಳುವ ಅಭ್ಯಾಸ ಅವರಿಗಿಲ್ಲ. “ಟೇಬಲ್ ಒರೆಸಿಡು” ಎಂದಷ್ಟೇ ಹೇಳಿ ಊಟಕ್ಕೆ ಕೂತರು.

ಮರುದಿನ ಬೆಳಿಗ್ಗೆ ಲತೀಶ್ ಫೋನ್ ಮಾಡಿದರು. ಗುಡ್ಡದ ಮೇಲಿನ ಮನೆಗಳಿಗೂ ನೀರು ಹತ್ತಿತ್ತು.

ಈ ವರ್ಷ ಕಲಂದರಾಕ ಹೊಸ ಮಿಲ್ಲಿಂಗ್ ಮೆಷಿನ್ ತರಿಸುತ್ತಿದ್ದಾರೆ. ಅದಕ್ಕೆ ಯಾವ ಕಟ್ಟರ್ ಎಂದು ಕೇಳಿದಾಗ ವಾರಿಜಕ್ಕ ಯೋಚಿಸದೆ ಹೇಳಿದರು, “ಹೊಸತು ಅಲ್ಲಾಡುದಿಲ್ಲ, ಅದಕ್ಕೆ ಕಾರ್ಬೈಡೇ ಆಗ್ಬೇಕು.” ಈಗ ಸಿನಾನ್ ಅವರ ಪಕ್ಕದಲ್ಲಿ ಕೂತು, ಒಂದೊಂದು ಕಟ್ಟರಿಗೂ ಯಾಕೆ ಎಂದು ಕೇಳಿ ಕೇಳಿ ಪಟ್ಟಿ ಬರೆಯುತ್ತಿದ್ದಾನೆ.