ಬಲಗಡೆಯ ಕೊಂಬು

ಹಳೆಯ ವಸ್ತುವನ್ನು ಕೊಂಡವನು ಹಿಂದಿನ ಒಡೆಯನ ಬದುಕಿನ ಒಂದು ಪಾಲನ್ನೂ ತನಗರಿವಿಲ್ಲದೆ ಮನೆಗೆ ತರುತ್ತಾನೆ. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಮೊಣಕಾಲಿನ ಕೆಳಗೆ, ಎಲುಬಿಗೆ ಕಬ್ಬಿಣ ಬಡಿದಾಗ.

ಆ ಪುಟ್ಟ ಕಾರನ್ನು ನಾವು ಹತ್ತಿರದ ಎವರೆಟ್ ಎಂಬ ಊರಿನ ವೃದ್ಧ ದಂಪತಿಯಿಂದ ಕೊಂಡಿದ್ದೆವು. ಅವರ ಬಳಿ ಬಸ್ಸಿನಷ್ಟು ದೊಡ್ಡದಾದ, ಅಡುಗೆಮನೆ ಹಾಸಿಗೆಗಳಿದ್ದ ಒಂದು ವಾಹನವಿತ್ತಂತೆ. ಪ್ರವಾಸ ಹೊರಟಾಗ ಈ ಕಾರನ್ನು ಅದರ ಬೆನ್ನಿಗೆ ಕಟ್ಟಿ, ನಾಲ್ಕು ಚಕ್ರವೂ ನೆಲದ ಮೇಲಿರುವಂತೆಯೇ ಎಳೆದೊಯ್ಯುತ್ತಿದ್ದರು. ಹೀಗೆ ನಮ್ಮ ಕಾರು ಇಂಜಿನ್ ಬಂದ್ ಮಾಡಿಕೊಂಡೇ ಅರ್ಧ ಅಮೆರಿಕ ನೋಡಿ ಬಂದಿತ್ತು. ಎಳೆಯುವ ಸರಳು ಸಿಕ್ಕಿಸಲು ಮುಂದಿನ ಬಂಪರಿನ ಕೆಳಗಿಂದ ಎರಡು ಕಬ್ಬಿಣದ ಕೊಂಬುಗಳು ಚಾಚಿದ್ದವು; ನನ್ನ ಕಾಲಿಗೆ ಬಡಿದದ್ದು ಅವುಗಳಲ್ಲೊಂದು. ದೊಡ್ಡ ವಾಹನ ಬ್ರೇಕ್ ಹಾಕಿದಾಗ ಇದರ ಹಿಂದಿನ ದೀಪವೂ ಹೊತ್ತಲೆಂದು ಎಳೆದ ವೈರನ್ನು ಬಲಗೊಂಬಿಗೆ ಬಿಗಿಯಾಗಿ ಕಟ್ಟಿದ್ದರು.

ಕಾರು ಕೊಂಡದ್ದು ನನ್ನ ಹೆಂಡತಿಗಾಗಿ. ಅವಳಿಗೆ ಕ್ಯಾನ್ಯನ್ ಪಾರ್ಕ್ ಎಂಬ ಬಡಾವಣೆಯ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಅದಕ್ಕೆ ಮುಂಚಿನ ಶುಕ್ರವಾರ ಡ್ರೈವಿಂಗ್ ಟೆಸ್ಟು. ನನ್ನ ಆಫೀಸು ಮರ್ಸರ್ ಐಲ್ಯಾಂಡಿನ ಸೇತುವೆ ದಾಟಿ ಆಚೆ, ಅವಳದು ಅದಕ್ಕೆ ಪೂರಾ ಉಲ್ಟಾ ದಿಕ್ಕು.

"ರೀ, ಆ ಕೊಂಬು ತೆಗೆಸಿ" ಎಂದಳು. "ಪಾರ್ಕಿಂಗ್ ಮಾಡೋವಾಗ ಕಂಬಕ್ಕೆ ತಾಗಿದ್ರೆ ಫೇಲ್ ಮಾಡ್ತಾರೆ. ಆಮೇಲೆ ನೀವೇ ದಿನಾ ಡ್ರಾಪ್ ಮಾಡ್ತೀರಾ?"

ಗ್ಯಾರೇಜಿನವನು ಮುಂದಿನ ವಾರ ಬನ್ನಿ ಎಂದ. ನಾನು ಇಂಜಿನಿಯರು. ನಾವೇ ತೆಗೆಯೋಣ ಎಂದೆ. ಸಾಫ್ಟ್‌ವೇರ್ ಇಂಜಿನಿಯರು ಎಂಬ ವಿವರವನ್ನು ಆ ಗಳಿಗೆಯಲ್ಲಿ ಯಾರೂ ಎತ್ತಲಿಲ್ಲ.

ಆದರೆ ಮಂಡ್ಯದಿಂದ ಬಂದಿದ್ದ ನಮ್ಮ ಅತ್ತೆ ತಡೆದರು. "ಪೂಜೆ ಆಗ್ದೆ ಗಾಡಿಗೆ ಸ್ಪ್ಯಾನರ್ ಹಾಕ್ತಾರೇನಪ್ಪ?" ಬುಧವಾರ ಸಂಜೆ ಅರಿಶಿನ ಕುಂಕುಮವಾಯಿತು, ಚಕ್ರಗಳಡಿ ನಿಂಬೆಹಣ್ಣು ಇಟ್ಟದ್ದಾಯಿತು. ಕಾಯಿ ಒಡೆಯಲು ಮಾತ್ರ ಕಲ್ಲಿಲ್ಲ. ಅಪಾರ್ಟ್‌ಮೆಂಟಿನ ನುಣುಪಾದ ನೆಲಕ್ಕೆ ಕುಟ್ಟಿದರೆ ಮ್ಯಾನೇಜರಮ್ಮ ಓಡಿ ಬರುತ್ತಾಳೆ. ಅತ್ತೆಯ ಕಣ್ಣು ಕೊಂಬಿನ ಮೇಲೆ ಬಿತ್ತು.

"ಇಲ್ಲೇ ಇದೆಯಲ್ಲಪ್ಪ, ಹೇಳಿ ಮಾಡಿಸಿದ ಹಾಗೆ. ಬಲಗಡೆದಕ್ಕೆ ಹೊಡಿ."

ಹೊಡೆದೆ. ಕಾಯಿ ಸಮನಾಗಿ ಎರಡು ಹೋಳಾಯಿತು. ಇಂಥ ಶಕುನ ನಮ್ಮ ಮದುವೆಯಲ್ಲೂ ಆಗಿರಲಿಲ್ಲ ಎಂದು ಅತ್ತೆ ಹೋಳುಗಳನ್ನು ಕಣ್ಣಿಗೊತ್ತಿಕೊಂಡರು.

ಗುರುವಾರ ಸಂಜೆ ಕೆಳಗಿನ ಮನೆಯ ಮಂಗಳೂರಿನ ಗೆಳೆಯ ಟೂಲ್ ಬಾಕ್ಸ್ ಹಿಡಿದು ಬಂದ. ಎವರೆಟ್‌ನ ವಿಮಾನದ ಕಾರ್ಖಾನೆಯಲ್ಲಿ ಅವನ ಕೆಲಸ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದೆಲ್ಲ ಎಂತ ಮಾರಾಯ! ನಾವು ವಿಮಾನಕ್ಕೆ ರೆಕ್ಕೆ ಕೂರಿಸುವವರು" ಎಂದ.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. "ಕೂರಿಸ್ತೀರಿ ಸರಿ. ಬಿಚ್ಚಿ ಅಭ್ಯಾಸ ಇದೆಯಾ?"

ಇರಲಿಲ್ಲ. ಬಂಪರ್ ಕಳಚಿಡುವುದರಲ್ಲೇ ನಾವಿಬ್ಬರೂ ಬೆವೆತೆವು. ಎಡಗೊಂಬಿನ ಬೋಲ್ಟುಗಳು ಕೊಂಚ ಕೊಸರಾಡಿ ಬಂದವು. ಬಲಗೊಂಬಿನ ಬೋಲ್ಟುಗಳಿಗೆ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟೆವು, ಸುತ್ತಿಗೆಯಲ್ಲಿ ಬಡಿದೆವು, ಒಬ್ಬರನ್ನೊಬ್ಬರು ಹುರಿದುಂಬಿಸಿದೆವು. ಕಡೆಗೆ ಬೋಲ್ಟಿನ ತಲೆಯ ಅಂಚೆಲ್ಲ ಸವೆದು ಗೋಲಿಯಂತಾಗಿ ಸ್ಪ್ಯಾನರ್ ಸುಮ್ಮನೆ ಸುತ್ತತೊಡಗಿತು.

"ಸಾಕು ಬಿಡಿ" ಎಂದಳು ಹೆಂಡತಿ. "ಬಂಪರ್ ಹಾಕೋಕೆ ಮುಂಚೆ ಲೈಟ್ ಚೆಕ್ ಮಾಡಿ. ನಾಳೆ ಅವರು ಮೊದಲು ನೋಡೋದೇ ಅದನ್ನ."

ಅವಳು ಬ್ರೇಕ್ ಒತ್ತಿದಳು. ಹಿಂದೆ ದೀಪ ಹೊತ್ತಲಿಲ್ಲ. ಮಂಗಳವಾರ ಪ್ರಾಕ್ಟೀಸ್ ಮಾಡುವಾಗ ಹೊತ್ತುತ್ತಿತ್ತು. ಬ್ರೇಕ್ ಲೈಟ್ ಇಲ್ಲದ ಕಾರಿನಲ್ಲಿ ಟೆಸ್ಟ್ ಶುರುವೇ ಆಗುವುದಿಲ್ಲ. ಹೆಂಡತಿ ಬ್ರೇಕನ್ನು ಮತ್ತೆ ಮತ್ತೆ ಒತ್ತಿದಳು. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನಿನ್ನ ಸುತ್ತಿಗೆ" ಎಂದೆ ನಾನು.

"ನಿನ್ನ ಕೈ" ಎಂದ ಅವನು.

ಫ್ಯೂಸ್ ಸುಟ್ಟಿತ್ತು. ಬೇರೆ ಹಾಕಿದೆವು, ಅದೂ ಸುಟ್ಟಿತು. ಅವನು ಟಾರ್ಚ್ ಹಿಡಿದು ಕಾರಿನಡಿ ನುಸುಳಿದ. ಆಮೇಲೆ ಕೆಳಗಿಂದ ದನಿ ಬಂತು.

"ಮಾರಾಯ, ಇಲ್ಲಿ ವೈರ್ ಜಜ್ಜಿ ಹೋಗಿ ತಾಮ್ರ ಕಬ್ಬಿಣಕ್ಕೆ ತಾಗ್ತಾ ಉಂಟು. ಅದರೊಳಗೆ ಎಂತದೋ ನಾರುಂಟು."

"ಎಂಥ ನಾರು?"

"ತೆಂಗಿನಕಾಯಿದ್ದು."

ನಾನು ಅತ್ತೆಯನ್ನು ನೋಡಿದೆ. ಅತ್ತೆ ಮೋಡ ನೋಡಿದರು.

"ಅಲ್ಲಪ್ಪ," ಎಂದರು ಕೊನೆಗೆ, "ಹೊಡಿ ಅಂದೆ ನಿಜ. ಅಷ್ಟು ಜೋರಾಗಿ ಹೊಡಿ ಅಂದ್ನಾ?"

ವೈರನ್ನು ಬುಡದಲ್ಲೇ ಕತ್ತರಿಸಿ ಟೇಪ್ ಸುತ್ತಿ, ಇದ್ದ ಕೊನೆಯ ಫ್ಯೂಸ್ ಹಾಕಿದೆವು. ಹೆಂಡತಿ ಬ್ರೇಕ್ ಒತ್ತಿದಳು. ಹಿಂದಿನ ಗೋಡೆ ಕೆಂಪಾಯಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಫ್ಯೂಸ್ ಏನೆಂದುಕೊಂಡೀತೋ ಎಂಬ ಭಯ. ಬಲಗೊಂಬಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಲು ಗೆಳೆಯ ಬಗ್ಗಿದಾಗ ಅತ್ತೆ ಕೈಯಡ್ಡ ಇಟ್ಟರು.

"ಪೂಜೆ ಆಗಿರೋದು ಅದಕ್ಕೇ. ಅದು ಬರಲ್ಲ, ಬಿಡಿ."

ಬಂಪರ್ ಕೂರಿಸಿದೆವು. ಎಡಗಡೆ ಸರಿಯಾಗಿ ಕೂರದೆ ಕೊಂಚ ನಕ್ಕಂತೆ ಕಾಣುತ್ತಿತ್ತು.

ಶುಕ್ರವಾರ ಟೆಸ್ಟ್ ತೆಗೆದುಕೊಳ್ಳುವ ಅಧಿಕಾರಿಣಿ ಕಾರಿನ ಮುಂದೆ ನಿಂತು, ಕುಂಕುಮ ಮೆತ್ತಿದ ಆ ಒಂಟಿ ಕೊಂಬನ್ನು ಬಹಳ ಹೊತ್ತು ನೋಡಿ ಇದೇನೆಂದು ಕೇಳಿದಳಂತೆ. ನನ್ನ ಹೆಂಡತಿ, "ನನ್ನ ಗಂಡ ರಿಪೇರಿ ಮಾಡಿದ್ದು" ಎಂದಳಂತೆ. ಆಕೆ ಮುಂದೆ ಏನನ್ನೂ ಕೇಳದೆ, ತುಸು ಕರುಣೆಯಿಂದಲೇ ಒಳಗೆ ಬಂದು ಬೆಲ್ಟ್ ಹಾಕಿಕೊಂಡಳಂತೆ.

ಹೆಂಡತಿ ಪಾಸಾದಳು. ಸೋಮವಾರ ಕ್ಯಾನ್ಯನ್ ಪಾರ್ಕಿಗೆ ತಾನೇ ಕಾರು ಓಡಿಸಿಕೊಂಡು ಹೋದಳು. ಆ ಕಾರನ್ನು ಮಾರುವವರೆಗೂ ಬಲಗೊಂಬು ಅದರಲ್ಲೇ ಇತ್ತು.