ಮೂರನೆಯ ಸಾಲಿನಿಂದ ಬಂದ ಮಾತು

ಪಕ್ಕದ ಮನೆಯವರು ಇವತ್ತು ರವಿಕೆಯ ಒಳಪದರಕ್ಕೆ ಹಾಕುವ ಅಸ್ತರ್ ಬಟ್ಟೆ ನೆನೆಸಿದ್ದಾರೆ. ಹೊಸ ಬಟ್ಟೆ ನೀರಿನಲ್ಲಿ ಗಂಜಿ ಬಿಡುವಾಗ ಒಂದು ವಾಸನೆ ಬರುತ್ತದಲ್ಲ, ಹಸಿ ಅಕ್ಕಿಹಿಟ್ಟಿಗೂ ಹಳೆಯ ಕಾಗದಕ್ಕೂ ನಡುವಿನದು, ಅದು ಬೇಲಿ ದಾಟಿ ನನ್ನ ಕಿಟಕಿಗೆ ಬಂತು. ರವಿಕೆ ಹೊಲಿಯುವವರ ಮನೆಯಲ್ಲಿ ಬೆಳೆದಿದ್ದರೆ ನಿಮಗೆ ಹೇಳಬೇಕಾಗಿಲ್ಲ. ಮೊದಲೇ ನೆನೆಸದಿದ್ದರೆ ಅಸ್ತರ್ ಒಂದೇ ಒಗೆತಕ್ಕೆ ಕುಗ್ಗಿ ರವಿಕೆ ಮುದುಡುತ್ತದೆ. ಅಂಕೋಲೆಯ ಬೊಬ್ರುವಾಡದ ನಮ್ಮ ಇದೇ ಮನೆಯಲ್ಲಿ ಮೊದಲು ಈ ವಾಸನೆ ವರ್ಷವಿಡೀ ಇರುತ್ತಿತ್ತು. ಅಪ್ಪನ ತಂಗಿ ಶಾರದತ್ತೆ ಜಗುಲಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಳು. ಅಂಕೋಲೆಯ ಮದುಮಗಳು ಯಾರೇ ಇರಲಿ, ಒಮ್ಮೆಯಾದರೂ ಆ ಜಗುಲಿಯಲ್ಲಿ ಕೈಯೆತ್ತಿ ನಿಂತು ಅಳತೆ ಕೊಟ್ಟಿರುತ್ತಿದ್ದಳು. ಆಮೇಲೆ ಒಂದು ಮಳೆಗಾಲದಲ್ಲಿ ಅತ್ತೆ ಯಂತ್ರದ ಮೇಲೆ ಹಳೆಯ ಸೀರೆ ಹೊದಿಸಿದಳು. ಮತ್ತೆ ತೆಗೆಯಲಿಲ್ಲ.

ಮನೆಯಲ್ಲಿ ಅದಕ್ಕೊಂದು ಕಾರಣ ಸಿದ್ಧವಿತ್ತು, ಕಣ್ಣು. "ಹೊಲ್ದೂ ಹೊಲ್ದೂ ಅದ್ರ ಕಣ್ಣೇ ಸೋತೋಗ್ಯದೆ" ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ಕಾರವಾರಕ್ಕೆ ಕರೆದೊಯ್ದು ಕನ್ನಡಕ ಮಾಡಿಸಿದ್ದೂ ಆಯಿತು. ಅತ್ತೆ ಅದನ್ನು ಹಾಕಿಕೊಂಡೇ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು. ಕಣ್ಣುನೋವಿನವರು ಹೀಗೆ ಮಲಗುವುದಿಲ್ಲವೆಂದು ನಮಗೆಲ್ಲ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳದೆ ಇರುವುದು ನಮ್ಮ ಮನೆತನದ ವಿದ್ಯೆ. ಅದರಲ್ಲಿ ನಾನು ಸ್ನಾತಕೋತ್ತರ ಪದವಿಯವಳು.

ಆಗ ನನಗೆ ಕಾರವಾರದಲ್ಲಿ ಕೆಲಸ. ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ತಿಂಗಳಿಗೊಂದು ಒಳ್ಳೆಯ ಸಿನೆಮಾ ತೋರಿಸುತ್ತಿದ್ದರು. ನಾವು ಅವರನ್ನು ಬರೀ 'ಸರ್' ಎನ್ನುತ್ತಿದ್ದೆವು. ಪ್ರೇಕ್ಷಕರೆಂದರೆ ನಾವು ನಾಲ್ಕಾರು ಜನ ಮತ್ತು ಬಾಗಿಲ ಬಳಿ ಮಲಗುವ ಒಂದು ನಾಯಿ. ಆ ತಿಂಗಳಿನದು ಹೊರದೇಶದ ವಸ್ತ್ರವಿನ್ಯಾಸಕನೊಬ್ಬನ ಮೇಲಿನ ಸಾಕ್ಷ್ಯಚಿತ್ರ. ಅವನ ಉಡುಪುಗಳಿಗೆ ಲೋಕವೇ ತಲೆದೂಗುತ್ತದೆ, ಅವನೋ ಒಳಗಿನಿಂದ ಕುಸಿಯುತ್ತ ಹೋಗುತ್ತಾನೆ. "ಬಟ್ಟೆಯ ಸಿನೆಮಾ ಅಂದ್ಮೇಲೆ ಬಟ್ಟೆಯವರೂ ನೋಡ್ಲಿ" ಎಂದು ಸರ್ ಊರಿನ ಹೊಲಿಗೆ ತರಗತಿಯೊಂದರ ಹೆಂಗಸರನ್ನೆಲ್ಲ ಕರೆದುಬಿಟ್ಟರು. ಚಿತ್ರ ಇಂಗ್ಲಿಷಿನದು. "ನೀನು ಪರದೆ ಪಕ್ಕ ಕೂತು ಕನ್ನಡದಲ್ಲಿ ಹೇಳು" ಎಂದರು. ಹಾಜರಿ ಕೂಗಿದರೆ ಕೈಯೆತ್ತಲೂ ಸಂಕೋಚಪಡುತ್ತಿದ್ದ ನನಗೆ!

ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಅಭ್ಯಾಸ ಮಾಡುತ್ತಿದ್ದೆ. ನೀರಿಗೆಂದು ಒಳಗೆ ಬಂದ ಅತ್ತೆ ನನ್ನ ಬೆನ್ನ ಹಿಂದೆ ನಿಂತು ಅವನ ಉಡುಪೊಂದನ್ನು ನೋಡಿದಳು.

"ಈ ತೋಳು ಹೆಂಗೆ ಕೂರ್ಸಿದ್ನೆ ಇಂವ?"

ಎಷ್ಟೋ ತಿಂಗಳಲ್ಲಿ ಅವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. ಸಿನೆಮಾ ಎಲ್ಲಿ ಎಂದಳು. ಹೇಳಿದೆ. "ನಾನೂ ಬತ್ತೆ" ಎಂದಳು. ಖುಷಿಯಾಯಿತು, ಹಿಂದೆಯೇ ಹೆದರಿಕೆಯೂ ಆಯಿತು. ತೋಳನ್ನು ನೋಡಿದವಳು ಚಿತ್ರದ ಕೊನೆಯ ಭಾಗ ನೋಡಿರಲಿಲ್ಲ. ಅಲ್ಲಿ ಆ ಮನುಷ್ಯ ಹಾಸಿಗೆಯಲ್ಲೇ ಕೂತು ಒಂದು ಮಾತು ಹೇಳುತ್ತಾನೆ. ಅತ್ತೆಯ ಎದುರು ಅದನ್ನು ಹೇಳುವುದು ಬೇಡ, 'ದಣಿವಾಗಿದೆ' ಎಂದಷ್ಟೇ ಹೇಳಿ ದಾಟಿಸುವುದೆಂದು ನಿಶ್ಚಯಿಸಿಕೊಂಡೆ.

ಸಿನೆಮಾದ ಸಂಜೆ ಸಭಾಂಗಣ ತುಂಬಿತ್ತು. ನಾಯಿಗೂ ಜಾಗವಿರಲಿಲ್ಲ. ಅತ್ತೆ ಮೂರನೆಯ ಸಾಲಿನ ತುದಿಯಲ್ಲಿ ಕೂತಳು. ಅವಳ ಪಕ್ಕದಲ್ಲಿ ಕಾರವಾರದ ವಿಮಲಾಬಾಯಿ, ಹೊಲಿಗೆ ತರಗತಿಯಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರಿಗಿಂತ ದೊಡ್ಡ ದನಿಯವರು. ನಾನು ಮೈಕು ಹಿಡಿದು, "ಅವರು ಹೇಳುತ್ತಾರೆ, ತಾವು ಚಿಕ್ಕಂದಿನಿಂದಲೂ..." ಎಂದು ಆರಂಭಿಸಿದೆ. ಎರಡು ವಾಕ್ಯ ಆಗುವಷ್ಟರಲ್ಲಿ ವಿಮಲಾಬಾಯಿ ತಡೆದರು.

"ಅಗೋ ತಂಗೀ, ಅವರು ಹೇಳ್ತಾರೆ, ಅವರು ಹೇಳ್ತಾರೆ ಅಂತ ಎಂತಕ್ಕೆ? ನೀನೇ ಅವ ಆಗಿ ಹೇಳ್ ಮಾರಾಯ್ತಿ!"

ತಾಳಮದ್ದಲೆ ಕೇಳಿ ಬೆಳೆದ ಸೀಮೆ ನಮ್ಮದು. ವೇಷವಿಲ್ಲ, ಬಣ್ಣವಿಲ್ಲ, ಪಂಚೆ ಉಟ್ಟ ಮಾಸ್ತರರೊಬ್ಬರು ಚಾಪೆಯ ಮೇಲೆ ಕೂತು "ನಾನು ದ್ರೌಪದಿ" ಎಂದರೆ ನಾವು ಅವರ ಮೀಸೆಯನ್ನು ಮರೆತು ಕಣ್ಣೊರೆಸಿಕೊಳ್ಳುತ್ತೇವೆ. ಚೂಡಿದಾರದ ಹುಡುಗಿಯೊಬ್ಬಳು ಗಡ್ಡದ ಪರದೇಶಿಯಾಗುವುದು ಆ ಹೆಂಗಸರಿಗೆ ಕಷ್ಟವೇ ಆಗಲಿಲ್ಲ. ನಾನು "ನಾನು" ಎಂದೆ. ಅಲ್ಲಿಂದ ಮುಂದೆ, ಅವನ ಉಡುಪು ತೊಟ್ಟ ಹುಡುಗಿಯರು ಪರದೆಗೆ ಬಂದಂತೆಲ್ಲ, ಸಭೆ ಅವನೊಡನೆ ನೇರವಾಗಿ ಮಾತಿಗಿಳಿಯಿತು.

"ಹುಡ್ಗಿ ಕಡ್ಡಿ ಆಗ್ಯದೆ, ಊಟ ಹಾಕೂದಿಲ್ವನೋ ನಿನ್ನ ಮನೇಲಿ?"

"ಅಷ್ಟ್ ಬಟ್ಟೆಲಿ ನಮ್ಮನೆ ನಾಲ್ಕ್ ಹೆಣ್ಮಕ್ಕಳ ಮದ್ವೆ ಆಗ್ತಿತ್ತು!"

"ಬೆನ್ನಿಗೆ ಬಟ್ಟೆ ಸಾಲ್ಲಿಲ್ಲ ಕಾಣ್ತದೆ, ಪಾಪ."

ಆಮೇಲೆ ಆ ಕಪ್ಪು ಉಡುಪು ಬಂತು. ನೋಡಲು ಏನೂ ಇಲ್ಲ, ಕತ್ತಿನಿಂದ ಕಾಲಿನವರೆಗೆ ಬರೀ ಕಪ್ಪು. ಹುಡುಗಿ ನಡೆಯುತ್ತ ಬಂದು ಒಮ್ಮೆ ತಿರುಗಿದಳು; ಸಾವಿರ ನೆರಿಗೆಗಳು ಒಟ್ಟಿಗೆ ಬಿರಿದು ಒಳಗಿನ ಬಿಳುಪೆಲ್ಲ ಹೊರಗೆ ಬಂತು. ಕತ್ತಲಾದ ಮೇಲೆ ನಮ್ಮ ಕಡಲಲ್ಲಿ ಅಲೆ ಒಡೆಯುವಾಗ ಮಾತ್ರ ಕಾಣುವ ಬಿಳುಪು ಅದು. ನಾನು ಅವನ ಒಂದು ಮಾತು ಹೇಳುವುದನ್ನೇ ಮರೆತೆ, ಯಾರೂ ಗಮನಿಸಲಿಲ್ಲ. ಪರದೆಯ ಬೆಳಕಿನಲ್ಲಿ ಅತ್ತೆಯ ಬಲಗೈ ಕಂಡಿತು. ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ಉಜ್ಜುತ್ತಿತ್ತು, ಇಲ್ಲದ ಬಟ್ಟೆಯೊಂದರ ನಯ ನೋಡುವಂತೆ.

ಮರುದೃಶ್ಯದಲ್ಲಿ ಅವನು ಅದೇ ಉಡುಪಿಗೆ ಕತ್ತರಿ ಹಾಕಿದ. "ಬೇಡ್ವೋ! ಬೇಡ್ವೋ!" ಎಂದು ಹೆಂಗಸರು ಕೂಗಿದರು. ಒಬ್ಬರು ಎದ್ದೇ ನಿಂತರು. ಅವನು ಕೇಳಲಿಲ್ಲ. ಕತ್ತರಿಸಿ ಮುಗಿಸಿ, ಹೋಗಿ ಮಲಗಿದ. ಕೆಲವು ದಿನಗಳ ನಂತರ ಹಾಸಿಗೆಯಲ್ಲಿ ಎದ್ದು ಕೂತು, ಕ್ಯಾಮೆರಾ ನೋಡದೆ, ಆ ಮಾತು ಹೇಳಿದ.

'ದಣಿವಾಗಿದೆ' ಎನ್ನಲು ಬಾಯಿ ತೆರೆದೆ. ಆದರೆ ಒಂದು ಗಂಟೆಯಿಂದ ಅವನಾಗಿ ಮಾತಾಡಿದ ಬಾಯಿ ಅದು. ಅವನು ಹೇಳಿದ್ದನ್ನೇ ಹೇಳಿತು.

"ನನಗೆ ಸಾಯಬೇಕು ಅನಿಸುವುದಿಲ್ಲ. ಬೆಳಗಾಗುವುದು ಬೇಡ ಅನಿಸುತ್ತದೆ. ಕಣ್ಣು ಬಿಟ್ಟರೆ ಇಡೀ ದಿನ ನನ್ನ ಎದೆಯ ಮೇಲೆ ಕೂತಿರುತ್ತದೆ."

ಮೂರನೆಯ ಸಾಲಿನಿಂದ, ಅಂಗಡಿಯಲ್ಲಿ ಬಟ್ಟೆಯ ಬಣ್ಣ ಒಪ್ಪುವಾಗಿನ ದನಿಯಲ್ಲಿ, ಅತ್ತೆ ಹೇಳಿದಳು:

"ಹೌದು. ಹಂಗೇ ಆಗ್ತದೆ."

ವಿಮಲಾಬಾಯಿ ತಿರುಗಿದರು. "ನಿಮ್ಗೂ?"

"ನಂಗೂ. ಹೋದ ಮಳೆಗಾಲದಿಂದ."

"ಸರ್, ಸಿನೆಮಾ ನಿಲ್ಸ್ರಿ ಸ್ವಲ್ಪ. ಇಲ್ಲಿ ಇವ್ರು ಮಾತಾಡ್ತಿದ್ದಾರೆ."

ಸರ್ ನಿಜಕ್ಕೂ ನಿಲ್ಲಿಸಿದರು. ಪರದೆಯ ಮೇಲೆ ಅವನು ಅರ್ಧ ಬಾಯಿ ತೆರೆದು ನಿಂತುಬಿಟ್ಟ. ಅಯ್ಯೋ ಎನ್ನುವವರಿರಲಿಲ್ಲ, ದೇವರ ಹೆಸರು ಎತ್ತಿದವರೂ ಇಲ್ಲ. "ಬೆಳಿಗ್ಗೆ ಜಾಸ್ತಿಯೋ, ಸಂಜೆಗೋ?" ಎಂದು ಹಿಂದಿನ ಸಾಲಿನವರೊಬ್ಬರು ಕೇಳಿದರು, ಸೊಂಟನೋವಿನ ಬಗ್ಗೆ ಕೇಳುವ ಹಾಗೆ. ಬೆಳಿಗ್ಗೆ ಎಂದಳು ಅತ್ತೆ.

"ನಂಗೆ ಬಾಳಂತನದಲ್ಲಿ ಹಿಡ್ದಿತ್ತು" ಎಂದರು ವಿಮಲಾಬಾಯಿ. "ಮಗು ಅತ್ರೆ ಬೇರೆಯವ್ರ ಮಗು ಅತ್ತಂಗೆ. ಮನೇಲಿ ದೃಷ್ಟಿ ತೆಗ್ದ್ರು, ತಾಯತ ಕಟ್ಟಿದ್ರು. ಕಡೆಗೆ ಡಾಕ್ಟರ್ರ ಮದ್ದಿಗೇ ಕಡ್ಮೆ ಆದದ್ದು. ನೀವು ಎಂತ ತಗಂಡ್ರಿ?"

ಅತ್ತೆ ಮೂಗಿನ ಮೇಲಿನ ಕನ್ನಡಕ ಮುಟ್ಟಿದಳು. "ಕನ್ನಡಕ ತಗಂಡೆ" ಎಂದಳು.

ಸಭೆ ನಕ್ಕಿತು. ಅತ್ತೆಯೂ ನಕ್ಕಳು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕಳು. ದೊಡ್ಡ ದೊಡ್ಡ ವಿಚಾರಸಂಕಿರಣಗಳಲ್ಲಿ ಕೂತವಳು ನಾನು; ಇಷ್ಟು ಜನ ಸೇರಿ ಒಬ್ಬರ ಮಾತನ್ನು ಹೀಗೆ ನೆಲಕ್ಕೆ ಬೀಳದಂತೆ ಹಿಡಿದದ್ದನ್ನು ಎಲ್ಲೂ ನೋಡಿರಲಿಲ್ಲ. ನಮ್ಮ ಮನೆಯ ನಾಲ್ಕು ಗೋಡೆ ಒಂದು ವರ್ಷ ಕಷ್ಟಪಟ್ಟು ಮುಚ್ಚಿಟ್ಟದ್ದು ಅಲ್ಲಿ ದೀಪ ಹಾಕದೆಯೇ ಬೆಳಕಿಗೆ ಬಂದಿತ್ತು, ಬಂದರೂ ಯಾರ ಮಾನವೂ ಹೋಗಿರಲಿಲ್ಲ.

"ಇನ್ನು ಹಾಕ್ರಿ ಸರ್. ಅಂವ ಏಳ್ತಾನೋ ಇಲ್ಲೋ ನೋಡ್ವ" ಎಂದರು ವಿಮಲಾಬಾಯಿ.

ಚಿತ್ರ ಅವನನ್ನು ಎಬ್ಬಿಸದೆ, ಮಲಗಿಸದೆ, ಕಿಟಕಿಯ ಬಳಿ ಕೂರಿಸಿ ಮುಗಿಯಿತು. ಹೆಂಗಸರಿಗೆ ಸಮಾಧಾನವಾಗಲಿಲ್ಲ. ಅಂಕೋಲೆಯ ಬಸ್ಸಿನಲ್ಲಿ ಅತ್ತೆಯೂ ಅವನು ಆಮೇಲೆ ಏನಾದ ಎಂದೇ ಕೇಳಿದಳು. ಮೊಬೈಲಿನಲ್ಲಿ ಹುಡುಕಿ, "ಇದ್ದಾನೆ ಅತ್ತೆ, ಈಗಲೂ ಇದ್ದಾನೆ" ಎಂದೆ. ಅವಳು ತಲೆಯಾಡಿಸಿ, "ಯಾವ ಡಾಕ್ಟರು ಅಂತ ಆ ವಿಮಲಾಬಾಯಿ ಹತ್ರ ಕೇಳ್ಬೇಕಾಗಿತ್ತು" ಎಂದಳು. ಮರುದಿನ ಕೇಳಿದೆ. ಆ ವಾರವೇ ಹೋದೆವು.

ಅತ್ತೆ ಇವತ್ತಿಗೂ ಹೊಲಿಯುವುದಿಲ್ಲ. ಮಾತ್ರೆ ನುಂಗುತ್ತಾಳೆ, ಒಳ್ಳೆಯ ದಿನಗಳಿವೆ, ಅಲ್ಲದ ದಿನಗಳೂ ಇವೆ. ಮನೆಯಲ್ಲಿ ಯಾರೂ ಈಗ ಅವಳ ಕಣ್ಣಿನ ಸುದ್ದಿ ತೆಗೆಯುವುದಿಲ್ಲ. ಬೆಳಗು ಹೇಗಿತ್ತು ಎಂದು ಕೇಳುತ್ತೇವೆ, ಅವಳು ಇದ್ದದ್ದು ಇದ್ದ ಹಾಗೆ ಹೇಳುತ್ತಾಳೆ. ಇವತ್ತೂ ಕೇಳಿದೆ.

"ಅಡ್ಡಿಲ್ಲ" ಎಂದಳು. ಆಮೇಲೆ ನನ್ನನ್ನೇ ನೋಡುತ್ತ, "ನಿಂದು?" ಎಂದಳು.

ನನ್ನನ್ನು ಯಾರೂ ಹಾಗೆ ಕೇಳಿದ್ದಿಲ್ಲ. ಯಾರಿಗೂ ಕೇಳಬೇಕೆನಿಸದ ಹಾಗೆ ಇರುವುದನ್ನು ನಾನು ಬಹಳ ವರ್ಷಗಳಿಂದ ಕಲಿತಿದ್ದೇನೆ. ಒಲೆಯ ಮೇಲೆ ಹಾಲು ಏರುತ್ತಿತ್ತು. ಉರಿ ಆರಿಸಿ, ಅವಳ ಎದುರಿನ ಕುರ್ಚಿ ಎಳೆದುಕೊಂಡು ಕೂತು, ಹೇಳತೊಡಗಿದೆ.